ಮೂರು ಪೆಟ್ಟಿಗೆ, ಒಂದು ಕೆಟಲ್ ಹಾಗೂ ಅಕ್ಕ ಅವರ ರಜೆ ಕುರಿತು

ಇಲಾಖೆಯ ಆಡಳಿತ ಶಾಖೆ
(ಎರಡನೇ ಮಹಡಿ, ಲಿಫ್ಟ್ ನಿಲ್ಲದ ಕಡೆ)

ಕ್ರಮಾಂಕ: ಆಶಾ/ಪೆಟ್ಟಿಗೆ/ಜೋಡಣೆ/ತಿದ್ದುಪಡಿಯ ತಿದ್ದುಪಡಿ/7

ಸುತ್ತೋಲೆ

ವಿಷಯ: ಮೈಯಿಲ್ಲದ ಕಂಪ್ಯೂಟರುಗಳನ್ನು ಬೇರೆ ಬೇರೆ ಕೋಣೆಗಳಲ್ಲಿರುವ ಸಂಗ್ರಹ ಪೆಟ್ಟಿಗೆಗಳಿಗೆ ಜಾಲದ ಮೂಲಕ ಜೋಡಿಸುವಾಗ ಸಿಬ್ಬಂದಿಯು ಪಾಲಿಸತಕ್ಕ ಶಿಸ್ತು; ಮತ್ತು ಸದರಿ ಜೋಡಣೆಯನ್ನು ಬಲ್ಲ ಏಕೈಕ ನೌಕರರ ರಜೆ.

ಉಲ್ಲೇಖ:
1. ಇದೇ ಕಚೇರಿಯ ಸುತ್ತೋಲೆ 5 (ಪೆಟ್ಟಿಗೆಗಳನ್ನು ಒಂದೇ ಕೋಣೆಗೆ ತರುವ ಬಗ್ಗೆ).
2. ಇದೇ ಕಚೇರಿಯ ಸುತ್ತೋಲೆ 6 (ಸುತ್ತೋಲೆ 5 ಹೊರಟೇ ಇರಲಿಲ್ಲವೆಂದು ಭಾವಿಸುವ ಬಗ್ಗೆ).
3. ಸಂಗ್ರಹ ಶಾಖೆಯ ಇಂಜಿನಿಯರ್ ಅವರ ರಜೆ ಅರ್ಜಿ.
4. ಸದರಿಯವರು ಬಸ್ ನಿಲ್ದಾಣದಿಂದ ಹಿಂದಿರುಗಿ, ಆಡಳಿತಾಧಿಕಾರಿಗಳ ಮೇಜಿನ ಮುಂದೆ ನಿಂತು ಬಾಯಿಮಾತಿನಲ್ಲಿ ಸಲ್ಲಿಸಿದ ಮನವಿ.
5. ಒಂದು ಕೆಟಲ್.

ಪ್ರಸ್ತಾವನೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಈ ಇಲಾಖೆಯು ರಸ್ತೆ ಅಗೆಯಲು ಅನುಮತಿ ನೀಡುವ, ಅಗೆದ ರಸ್ತೆಯ ಬಗ್ಗೆ ದೂರು ಸ್ವೀಕರಿಸುವ ಹಾಗೂ ಈ ಎರಡು ಕೆಲಸಗಳಿಗೆಂದು ನೇಮಕವಾದ ನೌಕರರ ಹಾಜರಾತಿ ಪಡೆಯುವ ಇಲಾಖೆಯಾಗಿರುತ್ತದೆ. ಈ ಕೆಲಸಗಳನ್ನು ಹಿಂದೆ ಮೂರು ಕಂಪ್ಯೂಟರುಗಳು ಮೂರು ಮೇಜುಗಳ ಮೇಲೆ ಕುಳಿತು ಮಾಡುತ್ತಿದ್ದವು. ಈಗ ನೆಲಮಹಡಿಯಲ್ಲಿರುವ ಒಂದೇ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಮೂರು ಕಂಪ್ಯೂಟರುಗಳು ಇವೆಯೆಂದೂ, ಅವುಗಳಿಗೆ ವರ್ಚುವಲ್ ಮೆಷಿನ್ ಎಂಬ ಹೆಸರೆಂದೂ, ಅವು ಕಣ್ಣಿಗೆ ಕಾಣುವುದಿಲ್ಲವೆಂದೂ ವರದಿಯಾಗಿದೆ. ಕಣ್ಣಿಗೆ ಕಾಣದೆ ಕೆಲಸ ಮಾಡುವವರ ಬಗ್ಗೆ ಈ ಇಲಾಖೆಗೆ ಅನುಭವವಿರುವುದಿಲ್ಲ. ಕಣ್ಣಿಗೆ ಕಂಡೂ ಕೆಲಸ ಮಾಡದವರ ಬಗ್ಗೆ ಮಾತ್ರ ಅನುಭವವಿರುತ್ತದೆ.

ಸದರಿ ಮೈಯಿಲ್ಲದ ಕಂಪ್ಯೂಟರುಗಳಿಗೆ ಸ್ವಂತ ಕಪಾಟು ಇರುವುದಿಲ್ಲ. ಆದ್ದರಿಂದ ಬರೆದದ್ದನ್ನೆಲ್ಲ ಅವು ಕೇಬಲ್ಲಿನ ಮೂಲಕ ಮೂರು ಸಂಗ್ರಹ ಪೆಟ್ಟಿಗೆಗಳಿಗೆ ಕಳುಹಿಸುತ್ತವೆ. ಪೆಟ್ಟಿಗೆಗಳು ಮೂರು ಕೋಣೆಗಳಲ್ಲಿದ್ದು, ಏನೇ ಬಂದರೂ ಮೂರರಲ್ಲೂ ಒಂದೊಂದು ಪ್ರತಿ ಉಳಿಯುತ್ತದೆ. ಒಂದು ಪೆಟ್ಟಿಗೆ ಕೈಕೊಟ್ಟರೆ ಉಳಿದೆರಡು ಕೆಲಸ ನಡೆಸಿಕೊಂಡು ಹೋಗುತ್ತವೆ. ಈ ವ್ಯವಸ್ಥೆಯನ್ನು ಕಟ್ಟಿದವರು ಸಂಗ್ರಹ ಶಾಖೆಯ ಇಂಜಿನಿಯರ್. ಇನ್ನು ಮುಂದೆ ಇವರನ್ನು 'ಅಕ್ಕ ಅವರು' ಎಂದು ಉಲ್ಲೇಖಿಸಲಾಗುವುದು. ಕಚೇರಿಯಲ್ಲಿ ಇವರಿಗಿಂತ ಹಿರಿಯರೂ ಇವರನ್ನು ಅಕ್ಕ ಎಂದೇ ಕರೆಯುತ್ತಾರೆ. ಆಡಳಿತಾಧಿಕಾರಿಗಳು ಮಾತ್ರ ಮನಸ್ಸಿನೊಳಗೆ ಕರೆಯುತ್ತಾರೆ.

ನಡೆದ ಸಂಗತಿ ಈ ಕೆಳಗಿನಂತಿದೆ. ಅಕ್ಕ ಅವರ ಮಗಳು ದೂರದ ಊರಿನಲ್ಲಿ ಚೊಚ್ಚಲ ಹೆರಿಗೆಗೆ ಕಾಯುತ್ತಿದ್ದು, ಅಕ್ಕ ಅವರಿಗೆ ರಜೆ ಮಂಜೂರಾಗಿತ್ತು. ಅದೇ ವಾರ ಮೇಲಧಿಕಾರಿಗಳ ಭೇಟಿ ಗೊತ್ತಾಗಿ, ಅವರು ಮೂರು ಕೋಣೆ ಅಲೆಯುವುದು ಸರಿಯಲ್ಲವೆಂದು ಸುತ್ತೋಲೆ 5ರ ಮೂಲಕ ಮೂರೂ ಪೆಟ್ಟಿಗೆಗಳನ್ನು ಒಂದೇ ಕೋಣೆಗೆ ತಂದು, ಒಂದರ ಮೇಲೊಂದು ಜೋಡಿಸಿ, ಒಂದೇ ಸ್ವಿಚ್ ಬೋರ್ಡಿಗೆ ಸಿಕ್ಕಿಸಿ, ಮೇಲೊಂದು ಹೂದಾನಿಯನ್ನು ಇಡಲಾಯಿತು. ಮೂರನ್ನೂ ಒಂದೇ ಕಡೆ ಇಡುವುದಾದರೆ ಮೂರು ಯಾಕೆ ಬೇಕು ಎಂದು ಅಕ್ಕ ಅವರು ಕೇಳಿದ್ದು ನಿಜ. ಆ ಪ್ರಶ್ನೆಯನ್ನು ಪ್ರಶ್ನೆಯೆಂದು ಪರಿಗಣಿಸಿರಲಿಲ್ಲ.

ಮೇಲಧಿಕಾರಿಗಳು ಬರಲೇ ಇಲ್ಲ. ಅಕ್ಕ ಅವರು ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಹೊರಟರು. ಅವರು ಮೆಟ್ಟಿಲಿಳಿದು ಹೋದ ಸ್ವಲ್ಪ ಹೊತ್ತಿಗೆ ಸದರಿ ಸ್ವಿಚ್ ಬೋರ್ಡಿನಲ್ಲಿ ಉಳಿದಿದ್ದ ಒಂದೇ ಒಂದು ಜಾಗಕ್ಕೆ ಯಾರೋ ಕೆಟಲ್ ಸಿಕ್ಕಿಸಿದ್ದರಿಂದ ಫ್ಯೂಸ್ ಹೋಗಿ, ಮೂರೂ ಪೆಟ್ಟಿಗೆಗಳು ಏಕಕಾಲಕ್ಕೆ ನಂದಿದವು. ಈ ಕಚೇರಿಯಲ್ಲಿ ಮೂವರು ಒಮ್ಮತಕ್ಕೆ ಬಂದ ಮೊದಲ ಸಂದರ್ಭ ಇದಾಗಿರುತ್ತದೆ. ಕರೆಂಟು ಬಂದರೂ ಮೈಯಿಲ್ಲದ ಕಂಪ್ಯೂಟರುಗಳಿಗೆ ತಮ್ಮ ಪೆಟ್ಟಿಗೆಗಳು ಸಿಗಲಿಲ್ಲ. ಅವುಗಳನ್ನು ಮತ್ತೆ ಜೋಡಿಸುವುದು ಕಚೇರಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಟೆಂಡರ್ ಅವರು ಓಡಿಹೋಗಿ, ಹೊರಡಲಿದ್ದ ಬಸ್ಸಿನ ಕಿಟಕಿ ಪಕ್ಕದ ಸೀಟಿನಿಂದ ಅಕ್ಕ ಅವರನ್ನು ಇಳಿಸಿಕೊಂಡು ಬಂದರು. ರಜೆ ಅಲ್ಲಿಗೇ ಕಡಿತಗೊಂಡಿತು.

ಅಕ್ಕ ಅವರು ಚೀಲವನ್ನು ಆಡಳಿತಾಧಿಕಾರಿಗಳ ಮೇಜಿನ ಮೇಲೆ ಇಟ್ಟರು. ಚೀಲದಿಂದ ಅರ್ಧ ಹೆಣೆದ ಒಂದು ಹಳದಿ ಉಣ್ಣೆ ಟೋಪಿ, ಕಡ್ಡಿಗಳ ಸಮೇತ, ಇಣುಕುತ್ತಿತ್ತು. ಪೆಟ್ಟಿಗೆಗಳನ್ನು ಜೋಡಿಸಿ ಕೊಟ್ಟ ನಂತರ ಅವರು ಹೇಳಿದ ಮಾತನ್ನು ಉಲ್ಲೇಖ 4ರಂತೆ ಇದ್ದದ್ದು ಇದ್ದ ಹಾಗೆ ದಾಖಲಿಸಲಾಗಿದೆ:

"ನಿಮ್ಮ ಒಂದೊಂದು ಕಾಗದಕ್ಕೂ ಮೂರು ಪ್ರತಿ ಇದೆ ಸಾರ್. ನನ್ನ ಮಗಳಿಗೆ ಅಮ್ಮ ಅಂತ ಇರೋಳು ನಾನೊಬ್ಬಳೇ."

ಈ ಮಾತಿಗೆ ಕೊಡಬಹುದಾದ ಉತ್ತರ ಯಾವ ನಿಯಮದಲ್ಲೂ ಸಿಗದ ಕಾರಣ ಈ ಸುತ್ತೋಲೆಯನ್ನು ಹೊರಡಿಸುವುದು ಅನಿವಾರ್ಯವಾಯಿತು. ಅದರಂತೆ ಈ ಕೆಳಗಿನ ಕಂಡಿಕೆಗಳನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸತಕ್ಕದ್ದು.

1. ಪೆಟ್ಟಿಗೆಗಳ ವಾಸ: ಮೂರೂ ಪೆಟ್ಟಿಗೆಗಳನ್ನು ಅವುಗಳ ಹಳೆಯ ಜಾಗಗಳಾದ ದಾಖಲೆ ಕೋಣೆ, ಮೆಟ್ಟಿಲ ಕೆಳಗಿನ ಕೋಣೆ ಹಾಗೂ ಮೊದಲ ಮಹಡಿಯ ಮೂಲೆ ಕೋಣೆಗೆ ಈಗಾಗಲೇ ಹಿಂದಿರುಗಿಸಿರುವುದನ್ನು ಈ ಮೂಲಕ ಸ್ಥಿರೀಕರಿಸಲಾಗಿದೆ. ಇನ್ನು ಮುಂದೆ ಯಾವ ಎರಡು ಪೆಟ್ಟಿಗೆಗಳೂ ಒಂದೇ ಸ್ವಿಚ್ ಬೋರ್ಡನ್ನು ಹಂಚಿಕೊಳ್ಳುವಂತಿಲ್ಲ. ಭೇಟಿಗೆ ಬರುವ ಮೇಲಧಿಕಾರಿಗಳಿಗಾಗಿ ಪೆಟ್ಟಿಗೆಗಳನ್ನು ಹೊತ್ತು ತರುವುದನ್ನು ನಿಷೇಧಿಸಿದೆ. ಅಗತ್ಯಬಿದ್ದಲ್ಲಿ ಮೇಲಧಿಕಾರಿಗಳನ್ನು ಪೆಟ್ಟಿಗೆಗಳ ಬಳಿಗೆ ಹೊತ್ತೊಯ್ಯಬಹುದು. ಹೂದಾನಿಯನ್ನು ಮೇಲಿನ ಯಾವ ಜಾಗಕ್ಕೂ ಹಿಂದಿರುಗಿಸುವ ಅಗತ್ಯವಿಲ್ಲ, ಅದು ಒಡೆದಿದೆ.

2. ಮೂಲ ಪ್ರತಿ ಮತ್ತು ನಕಲು: ಮೂರು ಪೆಟ್ಟಿಗೆಗಳಲ್ಲಿ ಯಾವುದರಲ್ಲಿರುವುದು ಮೂಲ ಪ್ರತಿ, ಯಾವುದರಲ್ಲಿರುವುದು ನಕಲು ಎಂದು ರವಾನೆ ಶಾಖೆಯು ಲಿಖಿತ ಸ್ಪಷ್ಟೀಕರಣ ಕೋರಿತ್ತು. ಮೂರೂ ಮೂಲವೇ, ಮೂರೂ ನಕಲೇ ಎಂದು ಅಕ್ಕ ಅವರು ಉತ್ತರಿಸಿರುತ್ತಾರೆ. ಉತ್ತರ ತಲುಪುವ ಮೊದಲೇ ರವಾನೆ ಶಾಖೆಯ ಗುಮಾಸ್ತರು ಎರಡು ಪೆಟ್ಟಿಗೆಗಳ ಬೆನ್ನಿಗೆ ನೇರಳೆ ಶಾಯಿಯಲ್ಲಿ 'ನಿಜ ಪ್ರತಿ' ಎಂಬ ಮೊಹರು ಒತ್ತಿ ಸಹಿ ಮಾಡಿಯಾಗಿತ್ತು. ಸದರಿ ಮೊಹರನ್ನು ಒರೆಸಬಾರದು, ಒರೆಸಿದರೆ ಇನ್ನಷ್ಟು ಹರಡುತ್ತದೆ. ಆದರೆ ಒಂದು ಮಾತು ಸ್ಪಷ್ಟ: ಈ ಕಚೇರಿಯಲ್ಲಿ ಇನ್ನು ಮುಂದೆ ಒಂದೇ ಪ್ರತಿಯಲ್ಲಿರುವ ಯಾವುದೇ ವಸ್ತು, ವಿಷಯ ಅಥವಾ ವ್ಯಕ್ತಿ ಇರುವುದು ಆಕ್ಷೇಪಾರ್ಹವೆಂದು ಪರಿಗಣಿಸಲಾಗುವುದು.

3. ಖುದ್ದು ಹಾಜರಿ: ಪೆಟ್ಟಿಗೆಗೆ ಜೋಡಣೆ ಕೋರುವ ಪ್ರತಿ ಕಂಪ್ಯೂಟರು ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು ಎಂಬ ನಿಯಮ ಹಿಂದಿನಿಂದಲೂ ಇದೆ. ಮೈಯಿಲ್ಲದವು ಹೇಗೆ ಹಾಜರಾಗುವವು ಎಂಬ ಬಗ್ಗೆ ದೀರ್ಘ ಚರ್ಚೆ ನಡೆದಿರುತ್ತದೆ. ಅಂತಿಮವಾಗಿ, ಪ್ರತಿ ಕಂಪ್ಯೂಟರಿನ ಪರವಾಗಿ ಒಂದು ಮೌಸನ್ನು ಹಾಜರುಪಡಿಸಿದರೆ ಸಾಕೆಂದು ತೀರ್ಮಾನಿಸಲಾಗಿದೆ. ಮೌಸು ಬೇರೆ ಕಂಪ್ಯೂಟರಿನದ್ದಾಗಿದ್ದಲ್ಲಿ ಆ ಕಂಪ್ಯೂಟರಿನಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು.

4. ಪಾಸ್‌ವರ್ಡ್: ಜೋಡಣೆಗೆ ಬೇಕಾದ ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು. ಆದರೆ ಅನುಮೋದನೆಗಾಗಿ ಆಡಳಿತಾಧಿಕಾರಿಗಳಿಗೆ ಹೇಳಬೇಕು. ಕೇಳಿದ ತಕ್ಷಣ ಅದನ್ನು ಮರೆಯುವುದು ಅಧಿಕಾರಿಗಳ ಕರ್ತವ್ಯವಾಗಿದ್ದು, ಈ ಒಂದು ಕರ್ತವ್ಯವನ್ನು ಅವರು ಈವರೆಗೆ ಒಮ್ಮೆಯೂ ತಪ್ಪಿಸಿಲ್ಲ.

5. ಜಾಗ ಹಂಚಿಕೆ: ಮೈಯಿಲ್ಲದ ಕಂಪ್ಯೂಟರು ಪೆಟ್ಟಿಗೆಯಲ್ಲಿ ಎಷ್ಟು ಜಾಗ ಕೇಳಿದರೂ ಕೊಟ್ಟಿದ್ದೇವೆಂದು ಹೇಳಿ, ಅದು ನಿಜವಾಗಿ ಬರೆದಷ್ಟಕ್ಕೆ ಮಾತ್ರ ಜಾಗ ಬಿಡುವ ಪದ್ಧತಿ ಈ ತಂತ್ರಜ್ಞಾನದಲ್ಲಿ ಉಂಟೆಂದು ಅಕ್ಕ ಅವರು ವಿವರಿಸಿರುತ್ತಾರೆ. ಇದನ್ನು ಹೊಸ ಆವಿಷ್ಕಾರವೆಂದು ಒಪ್ಪಲಾಗುವುದಿಲ್ಲ. ಕುರ್ಚಿ, ಫ್ಯಾನು ಮತ್ತು ಬಡ್ತಿಯ ವಿಷಯದಲ್ಲಿ ಈ ಇಲಾಖೆಯು ಇದೇ ಪದ್ಧತಿಯನ್ನು ಲಾಗಾಯ್ತಿನಿಂದ ಪಾಲಿಸಿಕೊಂಡು ಬಂದಿದೆ.

6. ಬಹುಮತ: ಮೂರರಲ್ಲಿ ಕನಿಷ್ಠ ಎರಡು ಪೆಟ್ಟಿಗೆಗಳು 'ಬರೆದುಕೊಂಡೆ' ಎಂದ ನಂತರವೇ ಬರೆದದ್ದು ಬರೆದಂತೆ. ಒಂದು ಪೆಟ್ಟಿಗೆ ಮಾತ್ರ ಹೂಂ ಎಂದರೆ ಅದು ಲೆಕ್ಕಕ್ಕಿಲ್ಲ. ಈ ಶಿಸ್ತನ್ನು ಮೆಚ್ಚಿ ಸಿಬ್ಬಂದಿ ಸಭೆಗೂ ಅನ್ವಯಿಸಲಾಗಿತ್ತು. ಪರಿಣಾಮವಾಗಿ ಕಳೆದ ಸಭೆಯಲ್ಲಿ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬ ಒಂದೇ ವಿಷಯ ಚರ್ಚೆಗೆ ಬಂದು, ಕಿಟಕಿ ಅರ್ಧ ತೆರೆದ ಸ್ಥಿತಿಯಲ್ಲಿ ಸಭೆ ಮುಗಿಯಿತು. ಆದ್ದರಿಂದ ಈ ಶಿಸ್ತು ಪೆಟ್ಟಿಗೆಗಳಿಗೆ ಮಾತ್ರ ಸೀಮಿತ.

7. ಕೆಟಲ್: ಉಲ್ಲೇಖ 5ರಲ್ಲಿರುವ ಕೆಟಲ್ ಯಾರದೆಂಬುದು ತನಿಖೆಯಲ್ಲಿದೆ. ಕೆಟಲ್ ಮೇಲಿನ ಹಸಿರು ಹೂವು ಆಡಳಿತಾಧಿಕಾರಿಗಳ ಕೋಣೆಯ ಲೋಟಗಳ ಮೇಲಿನ ಹಸಿರು ಹೂವನ್ನೇ ಹೋಲುವುದು ಕೇವಲ ಕಾಕತಾಳೀಯ. ಅದೂ ಅಲ್ಲದೆ, ಪೆಟ್ಟಿಗೆಗಳು ನಂದಿದ್ದರಿಂದ ಅಂದಿನ ಮಧ್ಯಾಹ್ನದ ಹಾಜರಾತಿ ಎಲ್ಲೂ ದಾಖಲಾಗಿಲ್ಲ. ದಾಖಲೆಯ ಪ್ರಕಾರ ಆ ಹೊತ್ತಿನಲ್ಲಿ ಕಚೇರಿಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಚೇರಿಯಲ್ಲಿ ಕೆಟಲ್ ಸಿಕ್ಕಿಸಿದವರು ಯಾರು ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ. ತನಿಖೆ ಆದರೂ ಮುಂದುವರಿಯುವುದು. ಅಲ್ಲಿಯವರೆಗೆ ಎಲ್ಲರೂ ಎದುರು ರಸ್ತೆಯ ಅಂಗಡಿಯಲ್ಲಿ ಚಹಾ ಕುಡಿಯತಕ್ಕದ್ದು.

8. ಅಕ್ಕ ಅವರ ಪ್ರತಿಗಳು: ಕಂಡಿಕೆ 2ನ್ನು ಕಚೇರಿಯ ಸಮಸ್ತ ಆಸ್ತಿಗೆ ಅನ್ವಯಿಸಿ ಪರಿಶೀಲಿಸಲಾಗಿ, ಇಡೀ ಇಲಾಖೆಯಲ್ಲಿ ಒಂದೇ ಪ್ರತಿಯಲ್ಲಿರುವ ಅತಿ ಮುಖ್ಯ ವಸ್ತುವೆಂದರೆ ಅಕ್ಕ ಅವರೇ ಎಂದು ಕಂಡುಬಂದಿದೆ. ಸೂಜಿಗೆ, ಗುಂಡುಸೂಜಿಗೆ, ಬಾಗಿಲ ಬೀಗಕ್ಕೆ ಕೂಡ ಎರಡನೆಯದೊಂದನ್ನು ಇಟ್ಟುಕೊಂಡಿರುವ ಇಲಾಖೆಯು ಈ ವಿಷಯದಲ್ಲಿ ಇಷ್ಟು ವರ್ಷ ಕಣ್ಣು ಮುಚ್ಚಿ ಕುಳಿತಿದ್ದು ಹೇಗೆಂದು ಆಡಳಿತಾಧಿಕಾರಿಗಳಿಗೆ ಅಚ್ಚರಿಯಾಗಿದೆ. ಅಚ್ಚರಿಪಡುವುದು ಅವರ ಅಧಿಕಾರ ವ್ಯಾಪ್ತಿಯಲ್ಲಿರುತ್ತದೆ.

ಆದ್ದರಿಂದ ಲೆಕ್ಕ ಶಾಖೆಯ ಗುಮಾಸ್ತರನ್ನು ಅಕ್ಕ ಅವರ ಎರಡನೇ ಪ್ರತಿಯಾಗಿಯೂ, ಕಚೇರಿಯಲ್ಲಿ 'ಪ್ಲಗ್ಗಣ್ಣ' ಎಂದು ಕರೆಯಲ್ಪಡುವ ಎಲೆಕ್ಟ್ರಿಷಿಯನ್ ಅವರನ್ನು ಮೂರನೇ ಪ್ರತಿಯಾಗಿಯೂ ನೇಮಿಸಲಾಗಿದೆ. ಇಬ್ಬರೂ ಅಕ್ಕ ಅವರ ಸ್ಟೂಲಿನ ಆಚೆಗೊಂದು ಈಚೆಗೊಂದು ಸ್ಟೂಲು ಹಾಕಿಕೊಂಡು ಕುಳಿತು ಕಲಿತಿರುತ್ತಾರೆ. ಕಲಿಸುವಾಗ ಅಕ್ಕ ಅವರು ಟೋಪಿ ಹೆಣೆಯುತ್ತಲೇ ಇದ್ದರು. ಕಲಿಯುವವರು ತಪ್ಪು ಮಾಡಿದಾಗ ಮಾತ್ರ ಕಡ್ಡಿಗಳು ನಿಲ್ಲುತ್ತಿದ್ದವು. ಮೊದಮೊದಲು ಟೋಪಿ ಮುಂದಕ್ಕೆ ಹೋಗಲೇ ಇಲ್ಲ. ಎರಡನೇ ಪ್ರತಿಗೆ ಎಲ್ಲವನ್ನೂ ಎರಡೆರಡು ಸಲ ಕೂಡಿ ನೋಡುವ ಚಟವಿದ್ದು, ಮೂರನೇ ಪ್ರತಿಗೆ ಏನೇ ಕೆಟ್ಟರೂ ಪ್ಲಗ್ ಕಿತ್ತು ಮತ್ತೆ ಹಾಕುವ ಚಟವಿದೆ. ಇಬ್ಬರೂ ಸೇರಿದರೆ ಒಬ್ಬರ ಚಟವನ್ನು ಇನ್ನೊಬ್ಬರ ಚಟ ಹಿಡಿದು ನಿಲ್ಲಿಸುತ್ತದೆ ಎಂದು ಅಕ್ಕ ಅವರು ಪ್ರಮಾಣೀಕರಿಸಿರುತ್ತಾರೆ.

9. ಎಳೆದು ನೋಡುವ ಪರೀಕ್ಷೆ: ಮೂರು ಪೆಟ್ಟಿಗೆಗಳಲ್ಲಿ ಒಂದರ ಪ್ಲಗ್ ಎಳೆದರೂ ಕೆಲಸ ನಿಲ್ಲಬಾರದು. ನಿಲ್ಲುತ್ತದೋ ಇಲ್ಲವೋ ತಿಳಿಯಲು ಇರುವ ದಾರಿ ಎಳೆದು ನೋಡುವುದೊಂದೇ ಎಂದು ಅಕ್ಕ ಅವರು ಹೇಳಿ, ಹೇಳಿದ ಉಸಿರಿನಲ್ಲೇ ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಪ್ಲಗ್ಗನ್ನು ಎಳೆದರು. ಕೆಲಸ ನಿಲ್ಲಲಿಲ್ಲ. ಆಡಳಿತಾಧಿಕಾರಿಗಳ ಉಸಿರು ನಿಂತು, ಸ್ವಲ್ಪ ತಡವಾಗಿ ಮತ್ತೆ ಆರಂಭವಾಯಿತು.

ಇದೇ ಪರೀಕ್ಷೆಯನ್ನು ಅಕ್ಕ ಅವರಿಗೂ ಅನ್ವಯಿಸಲಾಯಿತು. ಅಂದರೆ, ಅಕ್ಕ ಅವರನ್ನು ಕಚೇರಿಯಿಂದ ಹೊರತೆಗೆದು, ಎದುರು ರಸ್ತೆಯ ಚಹಾ ಅಂಗಡಿಯ ಬೆಂಚಿನ ಮೇಲೆ ಇಟ್ಟು, ಕಚೇರಿ ನಡೆಯುತ್ತದೋ ನೋಡಲಾಯಿತು. ಹಾಜರಾತಿ ಕಂಪ್ಯೂಟರಿನ ಜೋಡಣೆಯನ್ನು ಬೇಕೆಂದೇ ಕಡಿದು, ಅದನ್ನು ಮತ್ತೆ ಜೋಡಿಸಲು ಪ್ರತಿಗಳಿಬ್ಬರಿಗೂ ಸೂಚಿಸಲಾಯಿತು. ಗಾಬರಿಯಲ್ಲಿ ಅವರು ಹಾಜರಾತಿಯ ಕಂಪ್ಯೂಟರನ್ನು ಪೆಟ್ಟಿಗೆಯಲ್ಲಿ ರಸ್ತೆ ಅಗೆತದ ಅನುಮತಿಗಳಿಗೆ ಮೀಸಲಾದ ಜಾಗಕ್ಕೆ ಜೋಡಿಸಿರುತ್ತಾರೆ. ಪರಿಣಾಮವಾಗಿ, ಹಾಜರಾತಿಗೆಂದು ಹೆಬ್ಬೆರಳು ಒತ್ತಿದವರ ಹೆಸರೆಲ್ಲ ರಸ್ತೆಗಳ ಪಟ್ಟಿಗೆ ಸೇರಿ, ಆಡಳಿತಾಧಿಕಾರಿಗಳನ್ನು ಮೊಣಕಾಲಾಳದವರೆಗೆ ಅಗೆದು ಪೈಪು ಹಾಕಿ ಮುಚ್ಚಲು ಅನುಮತಿ ಮಂಜೂರಾಯಿತು. ಸದರಿ ಅನುಮತಿಯನ್ನು ಅವಧಿಗೆ ಮುನ್ನವೇ ಬಳಸಿಕೊಳ್ಳಲು ಕೆಲವು ಸಿಬ್ಬಂದಿ ತೋರಿದ ಉತ್ಸಾಹವನ್ನು ಪ್ರತ್ಯೇಕವಾಗಿ ಗಮನಿಸಲಾಗಿದೆ.

ಅಕ್ಕ ಅವರಿಗೆ ಅಂಗಡಿಯಿಂದ ನಮ್ಮ ಕಿಟಕಿ ಕಾಣುತ್ತಿತ್ತು. (ಕಂಡಿಕೆ 6ರ ಕಾರಣ ಅದು ಅರ್ಧ ತೆರೆದೇ ಇತ್ತು.) ಒಳಗಿನ ಗದ್ದಲವೂ ಕೇಳಿಸುತ್ತಿತ್ತು. ಅವರು ಎರಡು ಸಲ ಎದ್ದು ನಿಂತರು, ಎರಡು ಸಲವೂ ಕುಳಿತುಕೊಂಡರು. ಮೇಲೆ ಬರಲಿಲ್ಲ. ಬಾರದೆ ಇರುವುದು ಬರುವುದಕ್ಕಿಂತ ಕಷ್ಟದ ಕೆಲಸವಾಗಿತ್ತೆಂದು ಚಹಾ ಅಂಗಡಿಯವರು ಸಾಕ್ಷಿ ನುಡಿದಿದ್ದಾರೆ. ಇತ್ತ ಗುಮಾಸ್ತರು ಎರಡನೇ ಸಲ ಕೂಡಿ ನೋಡಿದಾಗ ತಪ್ಪು ಸಿಕ್ಕಿತು. ಪ್ಲಗ್ಗಣ್ಣ ಅವರು ಜೀವನದಲ್ಲಿ ಮೊದಲ ಬಾರಿಗೆ ಪ್ಲಗ್ ಮುಟ್ಟದೆ ಕೆಲಸ ಸರಿಪಡಿಸಿದರು. ಕೌಂಟರಿನ ಮುಂದಿನ ಸಾಲು ಮುಂದಕ್ಕೆ ಸರಿಯಿತು. ಆಡಳಿತಾಧಿಕಾರಿಗಳು ಮತ್ತೆ ರಸ್ತೆಯಿಂದ ನೌಕರರಾದರು.

10. ರಜೆ: ಮೇಲಿನ ಪರೀಕ್ಷೆಯ ಫಲಿತಾಂಶದಂತೆ, ಅಕ್ಕ ಅವರು ಇಲ್ಲದೆಯೂ ಕಚೇರಿಯು ನಡೆಯುವುದೆಂದು ಈ ಮೂಲಕ ದೃಢೀಕರಿಸಲಾಗಿದೆ. ಮೊದಲಿನಷ್ಟು ಚೆನ್ನಾಗಿ ನಡೆಯುವುದೆಂದು ದೃಢೀಕರಿಸಿಲ್ಲ. ಅವರ ಖಾಲಿ ಸ್ಟೂಲನ್ನು ನೋಡಿದರೆ ಎಲ್ಲರಿಗೂ ಒಂಥರಾ ಆಗುತ್ತದೆ ಎಂಬುದನ್ನು ಯಾವ ಕಂಡಿಕೆಯಡಿ ದಾಖಲಿಸಬೇಕೆಂದು ತಿಳಿಯದೆ ಇಲ್ಲಿಯೇ ದಾಖಲಿಸಲಾಗಿದೆ. ಕಡಿತಗೊಂಡಿದ್ದ ಅವರ ರಜೆಯನ್ನು ನಾಳೆಯಿಂದ ಅನ್ವಯವಾಗುವಂತೆ ಮರುಮಂಜೂರು ಮಾಡಲಾಗಿದೆ.

11. ಕಂಡಿಕೆ 10ಕ್ಕೆ ತಿದ್ದುಪಡಿ: ಸದರಿ ಕಂಡಿಕೆಯು ಟೈಪಾಗುತ್ತಿರುವಾಗಲೇ ಕಚೇರಿಯ ದೂರವಾಣಿಗೆ ಅಕ್ಕ ಅವರ ಅಳಿಯಂದಿರು ಕರೆ ಮಾಡಿ, ನೋವು ಕಾಣಿಸಿಕೊಂಡಿದೆ ಎಂದು ತಿಳಿಸಿದರು. ಆದ್ದರಿಂದ 'ನಾಳೆಯಿಂದ' ಎಂಬ ಪದದ ಬದಲು 'ಈಗಿನಿಂದ' ಎಂದು ಓದಿಕೊಳ್ಳತಕ್ಕದ್ದು. ಸುತ್ತೋಲೆಗೆ ಸಹಿಯಾಗುವವರೆಗೆ ಕಾಯುವಂತೆ ಅಕ್ಕ ಅವರಿಗೆ ಸೂಚಿಸಬೇಕೆಂದು ಕಡತದಲ್ಲಿ ಟಿಪ್ಪಣಿ ಇದೆ. ಸೂಚಿಸಲು ಹೋದವರಿಗೆ ಖಾಲಿ ಸ್ಟೂಲು ಸಿಕ್ಕಿತು. ಇಲಾಖೆಯು ಅವರನ್ನು ಕಳುಹಿಸಿತೆಂದು ಹೇಳಿಕೊಳ್ಳಲು ಅನುಕೂಲವಾಗುವಂತೆ ಈ ಸುತ್ತೋಲೆಯು ಅವರು ಹೊರಟ ಗಳಿಗೆಗಿಂತ ಸ್ವಲ್ಪ ಹಿಂದಿನಿಂದಲೇ ಜಾರಿಯಲ್ಲಿದೆ.

12. ಕರೆ ನಿಷೇಧ: ರಜೆಯ ಅವಧಿಯಲ್ಲಿ ಯಾವುದೇ ಸಿಬ್ಬಂದಿಯು ಯಾವುದೇ ಕಾರಣಕ್ಕೂ ಅಕ್ಕ ಅವರಿಗೆ ಕರೆ ಮಾಡುವಂತಿಲ್ಲ. ಒಂದು ಪೆಟ್ಟಿಗೆ ನಂದಿದರೆ ಎರಡನೇ ಪ್ರತಿಯನ್ನೂ, ಎರಡು ನಂದಿದರೆ ಮೂರನೇ ಪ್ರತಿಯನ್ನೂ, ಮೂರೂ ನಂದಿದರೆ ಕೆಟಲನ್ನೂ ಮೊದಲು ವಿಚಾರಿಸತಕ್ಕದ್ದು. ಸುಮ್ಮನೆ ಕ್ಷೇಮ ವಿಚಾರಿಸಲು ಮಾತ್ರ ಅವಕಾಶವಿದೆ. ಆದರೆ ಕ್ಷೇಮ ವಿಚಾರಿಸುತ್ತಾ ಮಾತಿನ ನಡುವೆ ಪಾಸ್‌ವರ್ಡ್ ಕೇಳುವುದನ್ನು ದುರ್ನಡತೆಯೆಂದು ಪರಿಗಣಿಸಲಾಗುವುದು. ಈ ನಿಯಮ ಆಡಳಿತಾಧಿಕಾರಿಗಳಿಗೂ, ಮುಖ್ಯವಾಗಿ ಅವರಿಗೇ, ಅನ್ವಯಿಸುತ್ತದೆ.

13. ವದಂತಿಯ ಬಗ್ಗೆ ಸ್ಪಷ್ಟೀಕರಣ: ಅಕ್ಕ ಅವರು ಹೊರಟ ಅವಸರದಲ್ಲಿ ಹಳದಿ ಉಣ್ಣೆ ಟೋಪಿಯನ್ನು ಮೆಟ್ಟಿಲ ಕೆಳಗಿನ ಪೆಟ್ಟಿಗೆಯ ಮೇಲೆ ಮರೆತು ಹೋಗಿದ್ದರು. ಆಮೇಲೆ ಆಡಳಿತಾಧಿಕಾರಿಗಳು ಕಚೇರಿ ವೇಳೆಯಲ್ಲಿ, ಹೆಬ್ಬೆರಳು ಒತ್ತದೆ, ಕೈಯಲ್ಲಿ ಸದರಿ ಟೋಪಿ ಹಿಡಿದು ಬಸ್ ನಿಲ್ದಾಣದ ಕಡೆಗೆ ಓಡಿದರೆಂದೂ, ಹೊರಟಿದ್ದ ಬಸ್ಸಿನ ಬೆನ್ನು ತಟ್ಟಿ ನಿಲ್ಲಿಸಿ ಕಿಟಕಿಯೊಳಗೆ ಟೋಪಿ ಕೊಟ್ಟರೆಂದೂ, ಆಗ ಬಾಯಿಬಿಟ್ಟು ಅಕ್ಕಾ ಎಂದು ಕರೆದರೆಂದೂ ಸಿಬ್ಬಂದಿ ವಲಯದಲ್ಲಿ ಮಾತು ಹಬ್ಬಿದೆ. ಹಾಜರಾತಿ ದಾಖಲೆಯ ಪ್ರಕಾರ ಆಡಳಿತಾಧಿಕಾರಿಗಳು ಆ ಹೊತ್ತಿನಲ್ಲಿ ತಮ್ಮ ಕುರ್ಚಿಯಲ್ಲೇ ಇದ್ದರು. ಓಡಿದವರು ಅವರ ಎರಡನೇ ಪ್ರತಿ ಆಗಿರಬಹುದು.

ಮೇಲಿನ ಕಂಡಿಕೆಗಳಲ್ಲಿ ಯಾವುದಾದರೂ ಅರ್ಥವಾಗದಿದ್ದಲ್ಲಿ, ಅರ್ಥವಾಗಿದೆಯೆಂದು ಬರೆದು ಸಹಿ ಮಾಡಿ ಹಿಂದಿರುಗಿಸಲು ಕೋರಿದೆ.

(ಸಹಿ)
ಆಡಳಿತಾಧಿಕಾರಿ
ಕೆಟಲ್ ಇಲ್ಲದ ಕೋಣೆಯಿಂದ

ಪ್ರತಿಗಳು:
1. ದಾಖಲೆ ಕೋಣೆಯ ಪೆಟ್ಟಿಗೆಗೆ.
2. ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ. (ಇದರ ಪ್ಲಗ್ಗನ್ನು ಇನ್ನು ಮುಂದೆ ಅಭಿಮಾನಕ್ಕಾಗಿ ಎಳೆದು ತೋರಿಸಬಾರದು.)
3. ಮೂಲೆ ಕೋಣೆಯ ಪೆಟ್ಟಿಗೆಗೆ. ಮೇಲಿನ ಎರಡೂ 'ಬರೆದುಕೊಂಡೆ' ಎಂದರೆ ಇದು ತಲುಪಿದಂತೆ.
4. ಅಕ್ಕ ಅವರ ಎರಡನೇ ಮತ್ತು ಮೂರನೇ ಪ್ರತಿಗಳಿಗೆ, ಧೈರ್ಯಕ್ಕಾಗಿ.
5. ಚಹಾ ಅಂಗಡಿಯವರಿಗೆ, ಬೆಂಚನ್ನು ಪರೀಕ್ಷಾ ಕೇಂದ್ರವಾಗಿ ಒದಗಿಸಿದ್ದಕ್ಕೆ ವಂದನೆಗಳೊಂದಿಗೆ.
6. ಅಕ್ಕ ಅವರಿಗೆ, ರಜೆ ಮುಗಿಸಿ ಬಂದ ಮೇಲೆ ಓದಲು. ಬೇಗ ಬರುವ ಅಗತ್ಯವಿಲ್ಲ.
7. ಅಕ್ಕ ಅವರ ಮೊಮ್ಮಗಳಿಗೆ, ಮಾಹಿತಿಗಾಗಿ. (ಸಹಿಯಾದ ನಂತರ ಸೇರಿಸಿದ್ದು. ಅಜ್ಜಿಯು ಸಮಯಕ್ಕೆ ಸರಿಯಾಗಿ ತಲುಪಿರುವುದೂ, ಟೋಪಿಯು ತಲೆಗೆ ದೊಡ್ಡದಾಗಿರುವುದೂ ದೂರವಾಣಿಯಲ್ಲಿ ದೃಢಪಟ್ಟಿದೆ.) ಕಂಡಿಕೆ 2ರಂತೆ ಯಾವುದೇ ವ್ಯಕ್ತಿಯು ಒಂದೇ ಪ್ರತಿಯಲ್ಲಿರುವುದು ಆಕ್ಷೇಪಾರ್ಹವಾದರೂ, ಈ ಒಂದು ಪ್ರಕರಣದಲ್ಲಿ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.